ಬ್ಯಾಡಗಿಗೆ ಓದಲು ಬಂದವಳು

ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಮೊದಲು ಮೆಣಸಿನಕಾಯಿ ಚೀಲಗಳಿರುತ್ತಿದ್ದವು. ಬ್ಯಾಡಗಿಯ ಮಾರುಕಟ್ಟೆಯಲ್ಲಿ ನನ್ನ ಯಜಮಾನರದು ದಲಾಲಿ ಅಂಗಡಿ. ಸುಗ್ಗಿಯಲ್ಲಿ ಅಂಗಡಿಯಲ್ಲಿ ಹಿಡಿಸದ ಮಾಲು ಮನೆಗೆ ಬರುತ್ತಿತ್ತು. ಊರ ಸುತ್ತ ಕೋಲ್ಡ್ ಸ್ಟೋರೇಜುಗಳು ಎದ್ದ ಮೇಲೆ ಕೋಣೆ ಖಾಲಿ ಬಿತ್ತು. ಸುಣ್ಣ ಹೊಡೆಸಿ, ಫ್ಯಾನು ಹಾಕಿಸಿದೆವು. ಆದರೂ ಬಿಸಿಲೇರಿದ ಮೇಲೆ ಗೋಡೆಯೊಳಗಿಂದ ಸಣ್ಣಗೆ ಘಾಟು ಬರುತ್ತಲೇ ಇತ್ತು. ಆ ಕೋಣೆಗೆ ಇಥಿಯೋಪಿಯಾದ ಹುಡುಗಿಯೊಬ್ಬಳು ಬಂದಳು.

ರಾಣೇಬೆನ್ನೂರಿನ ಕಡೆಯ ಒಂದು ಕೃಷಿ ಕಾಲೇಜಿನಲ್ಲಿ ಅವಳು ಎಂಎಸ್ಸಿ ಓದಲು ಬಂದಿದ್ದಳು. ಮೆಣಸಿನಕಾಯಿ ತಳಿಗಳ ಮೇಲೆ ಅವಳ ಕೆಲಸ. ಮೋಟೆಬೆನ್ನೂರಿನಲ್ಲಿ ಯಜಮಾನರ ಪರಿಚಯದ ರೈತರೊಬ್ಬರ ಹೊಲದಲ್ಲಿ ಅವಳಿಗೆ ಒಂದು ತುಂಡು ಜಾಗ ಸಿಕ್ಕಿತ್ತು. ದಿನಾ ಹೊಲಕ್ಕೆ ಹೋಗಿಬರಲು ಅನುಕೂಲವಾಗಲೆಂದು ಅವಳ ಗುರುಗಳು ಬ್ಯಾಡಗಿಯಲ್ಲಿ ಮನೆ ಹುಡುಕುತ್ತಿದ್ದರು. ಎರಡು ಮೂರು ಕಡೆ ಒಪ್ಪಿದವರು ಅವಳನ್ನು ನೋಡಿದ ಮೇಲೆ ಬೇಡವೆಂದಿದ್ದರಂತೆ. ಇದು ನಮಗೆ ಆಮೇಲೆ ಗೊತ್ತಾಯಿತು.

ನಮ್ಮ ಮನೆಯಲ್ಲೂ ಮಾತು ಬಂತು, ಬೇರೆ ಕಾರಣಕ್ಕೆ. ನನ್ನ ಅತ್ತೆ ಯಜಮಾನರನ್ನು ಕೂರಿಸಿಕೊಂಡು ಕೇಳಿದರು. "ಅಕಿ ಊಟಕ್ಕ ಏನ್ ಮಾಡ್ತಾಳಪಾ? ನಮ್ಮನ್ಯಾಗ ತತ್ತಿ ಸುದ್ದಾ ಬರಂಗಿಲ್ಲ."

"ಕೇಳಿ ಹೇಳ್ತೇನಿ ಬಿಡಬೇ," ಅಂದರು ಇವರು.

ಅವಳು ಒಂದು ದೊಡ್ಡ ಸೂಟ್‌ಕೇಸು, ಒಂದು ಬೆನ್ನ ಚೀಲ ಹಿಡಿದುಕೊಂಡು ದಸರೆ ಮುಗಿದ ವಾರ ಬಂದಳು. ಎತ್ತರದ, ತೆಳ್ಳನೆ ಹುಡುಗಿ. ಕೂದಲನ್ನು ನೆತ್ತಿಗಂಟಿದಂತೆ ಸಣ್ಣಸಣ್ಣ ಜಡೆ ಹೆಣೆದಿದ್ದಳು. ಬಾಗಿಲಲ್ಲೇ ನಿಂತು, ಮೊಬೈಲಿನಲ್ಲಿ ಕಲಿತದ್ದನ್ನು ಒಪ್ಪಿಸಿದಳು. "ನಮಸ್ಕಾರ. ತಾವು ಹೇಗಿದ್ದೀರಿ?" ಅತ್ತೆ ನನ್ನ ಮುಖ ನೋಡಿದರು. "ಏನಂತಾಳ ಅಕಿ? ನಾಟಕದಾಗ ಮಾತಾಡಿದಂಗ ಮಾತಾಡ್ತಾಳಲ್ಲ." ನಾನು ನಕ್ಕೆ. ಅವಳಿಗೆ ಅರ್ಥವಾಗದಿದ್ದರೂ ಅವಳೂ ನಕ್ಕಳು.

ಊಟದ ಸಮಸ್ಯೆ ತಾನಾಗಿಯೇ ಬಗೆಹರಿಯಿತು. ಅವಳದು ಹಳೆಯ ಕ್ರೈಸ್ತ ಪಂಥ. ಬುಧವಾರ, ಶುಕ್ರವಾರ ಮಧ್ಯಾಹ್ನ ಇಳಿಯುವವರೆಗೂ ಏನೂ ತಿನ್ನುತ್ತಿರಲಿಲ್ಲ. ಆಮೇಲೂ ಮಾಂಸ, ಮೊಟ್ಟೆಯಷ್ಟೇ ಅಲ್ಲ, ಹಾಲು, ಮೊಸರು, ತುಪ್ಪ ಕೂಡ ಮುಟ್ಟುತ್ತಿರಲಿಲ್ಲ. ದೊಡ್ಡ ಹಬ್ಬಗಳ ಮುಂಚೆ ವಾರಗಟ್ಟಲೆ ಹೀಗೇ ಇರುತ್ತಿದ್ದಳು. ಸೋಮವಾರ ಒಪ್ಪತ್ತು ಮಾಡುವ ನನ್ನ ಅತ್ತೆ ಬೆಳಗಿನ ಚಹಾಕ್ಕೆ ಧಾರಾಳವಾಗಿ ಹಾಲು ಹಾಕಿಕೊಳ್ಳುತ್ತಿದ್ದವರು. ಒಂದು ಶುಕ್ರವಾರ ಹುಡುಗಿ ಮಜ್ಜಿಗೆಯ ಲೋಟವನ್ನು ಮೆತ್ತಗೆ ಪಕ್ಕಕ್ಕೆ ಸರಿಸಿದ್ದನ್ನು ಕಂಡು, "ನಮಗಿಂತ ಕಟ್ಟಾ ಐತಿ ಇವರದು," ಅಂದರು. ಅಂದಿನಿಂದ ಅವಳ ಊಟ ಕೆಳಗೆ ನಮ್ಮ ಜೊತೆಯೇ ಆಯಿತು. ಯಾರೂ ಕೂತು ತೀರ್ಮಾನಿಸಿದ್ದಲ್ಲ.

ನಾನು ಹಾವೇರಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಬೆಳಿಗ್ಗೆ ನಾವಿಬ್ಬರೂ ಒಂದೇ ಬಸ್ಸು ಹತ್ತುತ್ತಿದ್ದೆವು. ಅವಳು ಮೋಟೆಬೆನ್ನೂರಿನಲ್ಲಿ ಇಳಿಯುವಳು, ನಾನು ಮುಂದಕ್ಕೆ ಹೋಗುವೆ. ಆ ಸ್ವಲ್ಪ ದಾರಿಯಲ್ಲೇ ಅವಳ ಕನ್ನಡ ಬೆಳೆಯಿತು. ಕಂಡಕ್ಟರು ಹೇಳಿದ್ದು, ಪಕ್ಕದ ಸೀಟಿನ ಹೆಂಗಸರು ಜಗಳಾಡಿದ್ದು, ಎಲ್ಲವನ್ನೂ ಕೇಳಿ ಇಟ್ಟುಕೊಳ್ಳುತ್ತಿದ್ದಳು. ಕೆಲವೇ ತಿಂಗಳಲ್ಲಿ "ಹೇಗಿದ್ದೀರಿ" ಹೋಗಿ "ಆರಾಮ ಅದೀರೇನ್ರಿ" ಬಂತು. ಹೊಲದ ಆಳು ಹೆಣ್ಣುಮಕ್ಕಳಿಂದ ಕಲಿತ ಒಂದೆರಡು ಬೈಗುಳಗಳನ್ನು, ಬೈಗುಳವೆಂದು ತಿಳಿಯದೆ, ಯಜಮಾನರ ಎದುರೇ ಆಡಿಬಿಟ್ಟಿದ್ದಳು. ಅವರು ಎದ್ದು ಅಂಗಳಕ್ಕೆ ಹೋಗಿ ನಕ್ಕು ಬಂದರು.

ಬಸ್ ನಿಲ್ದಾಣದಲ್ಲಿ ಜನ ಅವಳನ್ನು ನೋಡುತ್ತಿದ್ದರು. ಕೆಲವರು ಕೇಳಿ ಫೋಟೋ ತೆಗೆಸಿಕೊಳ್ಳುತ್ತಿದ್ದರು, ಕೆಲವರು ಕೇಳದೆಯೇ ತೆಗೆಯುತ್ತಿದ್ದರು. ಕಾಲೇಜು ಹುಡುಗರ ಒಂದು ಗುಂಪು ಅವಳ ಬಣ್ಣ ಹಿಡಿದು ಒಂದು ಹೆಸರಿಟ್ಟಿತ್ತು. ಒಂದು ದಿನ ಬಸ್ಸಿನಲ್ಲಿ ಅವಳು ಆ ಪದವನ್ನು ಬಿಡಿಬಿಡಿಯಾಗಿ ಉಚ್ಚರಿಸಿ, "ಹಂಗಂದ್ರ ಏನ್ರಿ ಅಕ್ಕಾ?" ಅಂದಳು. ನಾನು ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಅವಳು ಕಿಟಕಿಯ ಕಡೆ ತಿರುಗಿದಳು. "ಗೊತ್ತಿತ್ರಿ. ಹೊಲದಾಗ ಕೇಳಿದ್ದೆ. ನೀವ್ ಏನಂತೀರಿ ಅಂತ ಕೇಳಿದೆ," ಅಂದಳು. ಮರುದಿನ ಆ ಹುಡುಗರ ಹತ್ತಿರ ಹೋಗಿ, ನನ್ನ ಶಾಲೆಯಲ್ಲಿ ಓದಿದ್ದ ಒಬ್ಬನನ್ನು ಗುರುತಿಸಿ ಮಾತಾಡಿಸಿದೆ. ಅವನು ತಲೆ ತಗ್ಗಿಸಿದ. ಆ ಹೆಸರು ನಿಂತಿತು, ನೋಟ ನಿಲ್ಲಲಿಲ್ಲ. ಅವಳು ಬಹಳ ದಿನ ತಲೆಗೆ ಓಢಣಿ ಹೊದ್ದೇ ಬಸ್ಸಿಗೆ ಬರುತ್ತಿದ್ದಳು.

ಉಳಿದದ್ದಕ್ಕೆಲ್ಲ ಅವಳು ಬೇಗ ಹೊಂದಿಕೊಂಡಳು. ನಳದ ನೀರು ಬರುವ ದಿನ ನನಗಿಂತ ಮೊದಲು ಅವಳಿಗೆ ಎಚ್ಚರವಾಗಿರುತ್ತಿತ್ತು. ಬಚ್ಚಲಲ್ಲಿ ತಂಬಿಗೆಯಿಂದ ನೀರು ಹೊಯ್ದುಕೊಳ್ಳುವುದು ಅವಳಿಗೆ ಹೊಸದೇನಲ್ಲ. ಅವಳ ಅಜ್ಜಿಯ ಊರಿನಲ್ಲೂ ಹಾಗೆಯೇ ಅಂತೆ. ಸುಗ್ಗಿ ಶುರುವಾದಾಗ ಮಾತ್ರ ಸೋತಳು. ಸೋಮವಾರ, ಗುರುವಾರ ಮಾರುಕಟ್ಟೆ ತುಂಬಿದಾಗ ಇಡೀ ಊರಿನ ಗಾಳಿಯೇ ಕೆಂಪಾದ ಹಾಗಿರುತ್ತದೆ. ನಮಗೆ ಅದು ಗಮನಕ್ಕೂ ಬರುವುದಿಲ್ಲ. ಅವಳು ಸೀನಿ ಸೀನಿ ಕಣ್ಣು ಕೆಂಪಗೆ ಮಾಡಿಕೊಂಡು ಕೂರುತ್ತಿದ್ದಳು. ತಿನ್ನುವಾಗ ಮಾತ್ರ ನಮ್ಮ ಮೆಣಸಿನಕಾಯಿ ಅವಳಿಗೆ ಏನೂ ಅಲ್ಲ. "ನೋಡಾಕ ಭಾಳ ಸಿಟ್ಟು ಐತಿ. ತಿಂದ್ರ ಶಾಂತ ಐತ್ರಿ," ಅನ್ನುತ್ತಿದ್ದಳು. ಅವಳ ತಾಯಿ ಮಾಡುವ ಖಾರದ ಪುಡಿಯ ಮುಂದೆ ಇದು ಬರೀ ಬಣ್ಣವಂತೆ.

ಆ ತಾಯಿ ನಮ್ಮ ಮನೆಗೆ ದಿನಾ ಬರುತ್ತಿದ್ದರು, ಮೊಬೈಲಿನೊಳಗೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅವಳ ಫೋನು ಹೊಡೆದುಕೊಳ್ಳುತ್ತಿತ್ತು. ಮೊದಮೊದಲು ಮೇಲಿನ ಕೋಣೆಯಲ್ಲೇ ಮಾತಾಡುತ್ತಿದ್ದಳು. ಅಲ್ಲಿ ಸಿಗ್ನಲ್ ಸರಿ ಸಿಗದೆ ಕೆಳಗೆ ಪಡಸಾಲೆಗೆ ಬರತೊಡಗಿದಳು. ಅಲ್ಲಿ ಅತ್ತೆ ಹೂಬತ್ತಿ ಹೊಸೆಯುತ್ತ ಕೂತಿರುತ್ತಿದ್ದರು. ಒಂದು ದಿನ ಹುಡುಗಿ ಫೋನನ್ನು ಅವರ ಕಡೆ ತಿರುಗಿಸಿದಳು. ತೆರೆಯ ಮೇಲೆ ಬಿಳಿಯ ಬಟ್ಟೆ ತಲೆಗೆ ಹೊದ್ದ, ಹಣೆಯ ಮೇಲೆ ಹಚ್ಚೆಯ ಗುರುತಿದ್ದ ಹೆಂಗಸು. ನನ್ನ ಅತ್ತೆಯ ಹಣೆ ಮೇಲೂ ಹಚ್ಚೆ ಇದೆ. ಇಬ್ಬರೂ ಒಬ್ಬರ ಹಣೆಯನ್ನೊಬ್ಬರು ಬಹಳ ಹೊತ್ತು ನೋಡಿದರು. "ಯವ್ವಾ, ಆರಾಮೇನವಾ?" ಅಂದರು ಅತ್ತೆ. ಆ ಕಡೆಯಿಂದ ಏನೋ ಉದ್ದನೆ ಉತ್ತರ ಬಂತು. ಅದನ್ನು ಕನ್ನಡ ಮಾಡಿ ಹೇಳಲು ಹುಡುಗಿ ಬಾಯಿ ತೆರೆದಳು. ಅತ್ತೆ ಕೈ ಮಾಡಿ ತಡೆದರು. "ತಿಳೀತು ಬಿಡು," ಅಂದರು.

ಆಮೇಲೆ ಅದೇ ರೂಢಿಯಾಯಿತು. ಮಗಳ ಮಾತು ಮುಗಿದ ಮೇಲೆ ಫೋನು ಅತ್ತೆಯ ಕೈಗೆ. ಇವರು ಕನ್ನಡ, ಅವರು ಅವರ ಭಾಷೆ. ಇವರು ಉಪ್ಪಿನಕಾಯಿ ಭರಣಿ ತೋರಿಸಿದರೆ ಅವರು ಕಾಫಿ ಕುಟ್ಟುವ ಒರಳು ತೋರಿಸುವರು. ಅತ್ತೆ ಆ ತಾಯಿಯನ್ನು "ನಮ್ಮ ಬೀಗತಿ" ಎಂದು ಕರೆಯತೊಡಗಿದರು. ನಮ್ಮಲ್ಲಿ ಮಕ್ಕಳನ್ನು ಕೊಟ್ಟು ತಂದುಕೊಂಡವರನ್ನು ಹಾಗೆ ಕರೆಯುವುದು. "ಮಗಳನ್ನ ನಮ್ಮನೀಗೆ ಕಳಿಸ್ಯಾಳಂದ ಮ್ಯಾಲೆ ಬೀಗತಿ ಅಲ್ಲೇನು?" ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದರು.

ಕಾಫಿಯ ಹಸಿ ಬೀಜವನ್ನು ಹುಡುಗಿ ಊರಿನಿಂದಲೇ ತಂದಿದ್ದಳು. ಭಾನುವಾರ ಅದನ್ನು ಸಣ್ಣ ಬಾಣಲೆಯಲ್ಲಿ ಹುರಿಯುವಳು. ಮೊದಲ ಸಲ ಹುರಿದಾಗ ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿ, "ಏನರ ಸೀದೈತೇನ್ರಿ?" ಎಂದು ಕೇಳಿದ್ದರು. ಆಮೇಲಾಮೇಲೆ ವಾಸನೆ ಬಂದೊಡನೆ ಲೋಟ ಹಿಡಿದುಕೊಂಡೇ ಬರತೊಡಗಿದರು. ಅವಳು ಜೋಳದ ಹಿಟ್ಟನ್ನು ಹುಳಿ ಬರಿಸಿ ಹಂಚಿನ ಮೇಲೆ ಅಗಲವಾಗಿ ಹುಯ್ದು ತನ್ನ ಊರಿನ ರೊಟ್ಟಿ ಮಾಡಿದಳು. ಮೈತುಂಬ ಕಣ್ಣು ಕಣ್ಣು ಬಿದ್ದ ಮೆತ್ತನೆ ದೋಸೆಯಂಥದ್ದು. ಜೋಳ ಅವರ ಕಡೆಯೂ ಬೆಳೆಯುತ್ತದೆಂದು ನಮಗೆ ಗೊತ್ತಾದದ್ದು ಅವತ್ತೇ. ಅವಳು ನಮ್ಮ ರೊಟ್ಟಿ ಬಡಿಯಲು ಕಲಿತಳು. ಅವಳದನ್ನು ಕಲಿಯುವ ಮನಸ್ಸು ನನಗೂ ಇತ್ತು. ಮುಂದಿನ ಭಾನುವಾರ ಅಂದುಕೊಳ್ಳುತ್ತ ಹೋದೆ.

ಎರಡನೆಯ ವರ್ಷ, ಮಳೆಗಾಲದಲ್ಲಿ, ಅವಳ ಊರಿನ ಕಡೆ ಯುದ್ಧದಂಥ ಗಲಾಟೆ ಶುರುವಾಯಿತು. ಮೊದಲು ಇಂಟರ್ನೆಟ್ ಹೋಯಿತು, ಆಮೇಲೆ ಸಾದಾ ಫೋನು ಕೂಡ. ಅವರ ದೇಶದ ರಾಜಧಾನಿಯಲ್ಲಿ ಅವಳ ದೊಡ್ಡಪ್ಪನ ಮಗನೊಬ್ಬನಿದ್ದ. ಅವನಿಗೆ ಕರೆ ಹೋಗುತ್ತಿತ್ತು. ಆದರೆ ಅವನಿಗೂ ಊರಿನ ಸುದ್ದಿ ಇಲ್ಲ. ದಾರಿಗಳು ಬಂದಾಗಿದ್ದವು. ಅವಳು ಯಥಾಪ್ರಕಾರ ಬಸ್ಸಿಗೆ ಬರುತ್ತಿದ್ದಳು, ಸಸಿಗಳ ಅಳತೆ ತೆಗೆಯುತ್ತಿದ್ದಳು, ಶನಿವಾರ ಕಾಲೇಜಿಗೆ ಹೋಗುತ್ತಿದ್ದಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ಮಾತ್ರ ಫೋನು ಹಿಡಿದು ಪಡಸಾಲೆಯ ಕಂಬಕ್ಕೊರಗಿ ಕೂರುವಳು. ಅತ್ತೆ ಎದುರಿಗೆ ಕೂರುವರು.

"ಬಂತೇನವಾ ಫೋನು?"

"ಇನ್ನಾ ಇಲ್ರಿ ಅಜ್ಜಿ."

"ಬರ್ತೈತಿ ಬಿಡು. ಬೀಗತಿ ಗಟ್ಟಿ ಮನಶ್ಯಾಳು."

ನಾನು ಅಡಿಗೆಮನೆಯಿಂದ ಈ ಮಾತುಗಳನ್ನು ಕೇಳುತ್ತಿದ್ದೆ. ತಿಂಗಳುಗಳು ಕಳೆದು ದೀಪಾವಳಿಯೂ ಬಂದುಹೋಯಿತು. ರಾಣೇಬೆನ್ನೂರಿನಲ್ಲಿ ಒಂದು ಚರ್ಚಿಗೆ ಅವಳು ಒಂದೆರಡು ಸಲ ಹೋಗಿಬಂದಳು. ಅದು ಅವಳ ಪಂಥದ್ದಲ್ಲ. "ಆದ್ರೂ ಮೇಣಬತ್ತಿ ಹಚ್ಚಿ ಬಂದೆ," ಅಂದಳು.

ಅತ್ತೆ ತಮ್ಮ ದಾರಿ ಹಿಡಿದರು. ಒಂದು ಭಾನುವಾರ ನಮ್ಮನ್ನೆಲ್ಲ ದೇವರಗುಡ್ಡಕ್ಕೆ ಹೊರಡಿಸಿದರು. ಜಾತ್ರೆಯ ಕಾಲವಲ್ಲ, ಗುಡಿ ಖಾಲಿಯಿತ್ತು. ಹುಡುಗಿಗೆ, "ನೀ ಒಳಗ ಬಾ ಅಂತ ನಾ ಅನ್ನಂಗಿಲ್ಲ. ನಿನ್ನ ದೇವರಿಗೆ ಏನನಸ್ತೈತೋ," ಅಂದರು. ಅವಳು ಹೊರಗೆ ಕಟ್ಟೆಯ ಮೇಲೆ ಕೂತಳು. ಪೂಜಾರಿ ಯಾರ ಹೆಸರಲ್ಲಿ ಎಂದು ಕೇಳಿದರು. ಆ ತಾಯಿಯ ಹೆಸರು ಅತ್ತೆಯ ನಾಲಿಗೆಗೆ ಎಂದೂ ಹೊರಳಿರಲಿಲ್ಲ. "ಕಡಲಿನ ಆಚಿ ನಮ್ಮ ಬೀಗತಿ ಅದಾಳ್ರಿ. ಅಕೀ ಹೆಸರಿನ್ಯಾಗ ಮಾಡ್ರಿ," ಅಂದರು. ಪೂಜಾರಿ ಒಂದು ಕ್ಷಣ ನೋಡಿ, ಮತ್ತೇನೂ ಕೇಳದೆ ಭಂಡಾರ ಎತ್ತಿ ಕೊಟ್ಟರು. ಹೊರಗೆ ಬಂದಾಗ ಹುಡುಗಿ ತಾನೇ ಹಣೆ ಮುಂದೆ ಮಾಡಿದಳು. ಅತ್ತೆ ಆ ಅರಿಷಿಣವನ್ನು ಅವಳ ಹಣೆಗೆ ಹಚ್ಚಿದರು. ಅವಳು ಅದರ ಮೇಲೆಯೇ ತನ್ನ ರೀತಿಯಲ್ಲಿ ಶಿಲುಬೆಯ ಗುರುತು ಮಾಡಿಕೊಂಡಳು.

ಚಳಿ ಬಿದ್ದಾಗ ಅತ್ತೆಗೆ ಎದೆ ನೋವು ಶುರುವಾಯಿತು. ಹಾವೇರಿಯ ಆಸ್ಪತ್ರೆಯಲ್ಲಿ ಒಂದು ವಾರ ಇಟ್ಟುಕೊಂಡರು. ಶಾಲೆಯಲ್ಲಿ ಪರೀಕ್ಷೆಯ ಕಾಲ, ನನಗೆ ರಜೆ ಸಿಗಲಿಲ್ಲ. ಯಜಮಾನರಿಗೆ ಸುಗ್ಗಿ. ಹಗಲು ಅತ್ತೆಯ ಪಕ್ಕ ಕೂತವಳು ಹುಡುಗಿಯೇ. ಪಕ್ಕದ ಮಂಚದವರು "ಇಕಿ ಯಾರ್ರಿ?" ಎಂದು ಕೇಳಿದರೆ ಅತ್ತೆ, "ಮೊಮ್ಮಗಳು," ಅನ್ನುತ್ತಿದ್ದರಂತೆ. ಕೇಳಿದವರ ಮುಖ ನೋಡಿ ಬಾಯ್ತುಂಬ ನಗುತ್ತಿದ್ದರಂತೆ. ಮನೆಗೆ ಕಳಿಸುವಾಗ ಡಾಕ್ಟರು ನಮ್ಮನ್ನೆಲ್ಲ ಎದುರಿಗೆ ನಿಲ್ಲಿಸಿಕೊಂಡು ಹೇಳಿದರು. ಭಾರ ಎತ್ತಿಸಬೇಡಿ, ಮೆಟ್ಟಿಲು ಹತ್ತಿಸಬೇಡಿ, ಕೆಟ್ಟ ಸುದ್ದಿ ಏನಿದ್ದರೂ ಒಮ್ಮೆಲೇ ಕಿವಿಗೆ ಹಾಕಬೇಡಿ. ಹುಡುಗಿಯೂ ಅಲ್ಲಿದ್ದಳು. ಅವಳಿಗೆ ಆಗ ಎಲ್ಲ ಕನ್ನಡವೂ ಅರ್ಥವಾಗುತ್ತಿತ್ತು.

ಸುದ್ದಿ ಬಂದದ್ದು ಹಣ್ಣು ಮೆಣಸಿನಕಾಯಿ ಬಿಡಿಸುವ ದಿನಗಳಲ್ಲಿ. ಅವತ್ತು ನನ್ನ ಶಾಲೆಗೆ ರಜೆ ಇತ್ತು. ನಡು ಮಧ್ಯಾಹ್ನ ಅವಳು ಹೊಲದಿಂದ ಬಂದಳು. ಎಂದೂ ಅಷ್ಟು ಬೇಗ ಬಂದವಳಲ್ಲ. ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು, ಅಂಗೈಯಲ್ಲಿದ್ದ ಕೆಂಪನ್ನು ಓಢಣಿಗೆ ಒರೆಸಿಕೊಂಡಳು.

"ಅಕ್ಕಾ, ನಮ್ಮವ್ವ ಹೋಗ್ಯಾಳ್ರಿ."

ನನಗೆ ತಕ್ಷಣ ತಿಳಿಯಲಿಲ್ಲ. "ಎಲ್ಲಿಗೆ?" ಎಂದುಬಿಟ್ಟೆ.

"ತೀರಿಕೊಂಡಾಳ್ರಿ. ದೀಪಾವಳಿಕಿಂತ ಮೊದಲ. ಈಗ ಗೊತ್ತಾತು."

ಜ್ವರವಂತೆ. ಔಷಧ ಸಿಕ್ಕಿರಲಿಲ್ಲ. ಊರಿನಿಂದ ನಡೆದುಕೊಂಡೇ ಹೊರಬಿದ್ದ ಯಾರೋ ಒಬ್ಬರು ರಾಜಧಾನಿ ತಲುಪಿ ದೊಡ್ಡಪ್ಪನ ಮಗನಿಗೆ ಹೇಳಿದ್ದರು. ಮಣ್ಣು ಮಾಡಿ ಎಷ್ಟೋ ದಿನಗಳಾಗಿದ್ದವು. ನಾವು ದೇವರಗುಡ್ಡಕ್ಕೆ ಹೋಗುವ ಹೊತ್ತಿಗೆ ಆ ತಾಯಿ ಇರಲೇ ಇಲ್ಲ.

ನಾನು ಅವಳನ್ನು ಹಿಡಿದುಕೊಂಡೆ. ಅವಳ ಮೈ ಕಟ್ಟಿಗೆಯ ಹಾಗೆ ಸೆಟೆದಿತ್ತು. ನನ್ನ ಬಾಯಿಗೆ ಬಂದದ್ದು "ಸಮಾಧಾನ ಮಾಡ್ಕೋ ತಂಗಿ" ಎಂಬ ಮಾತು. ಎಲ್ಲರೂ ಎಲ್ಲರಿಗೂ ಹೇಳುವ ಮಾತು. ಇಷ್ಟು ದಿನ ಒಂದೇ ಸೂರಿನಡಿ ಇದ್ದು, ಅವಳ ಭಾಷೆಯಲ್ಲಿ ತಾಯಿಗೆ ಏನನ್ನುತ್ತಾರೆ ಎಂಬುದೊಂದು ಬಿಟ್ಟು ಇನ್ನೊಂದು ಪದ ನನಗೆ ಬರುತ್ತಿರಲಿಲ್ಲ. ತಾಯಿ ಸತ್ತ ಸುದ್ದಿಯನ್ನು ಅವಳು ನಮ್ಮ ಭಾಷೆಯಲ್ಲಿ ಹೇಳಬೇಕಾಯಿತು. ನಮ್ಮ ಹಾಗೆಯೇ, ಕ್ರಿಯಾಪದ ಕೂಡ ತಪ್ಪದೆ.

ಪಡಸಾಲೆಯಿಂದ ಅತ್ತೆ ಕೇಳಿದರು, "ಯಾರವಾ ಬಂದವರು?"

ಹುಡುಗಿ ನನ್ನ ತೋಳು ಬಿಗಿಯಾಗಿ ಹಿಡಿದಳು. "ಅಜ್ಜಿಗೆ ಹೇಳಬ್ಯಾಡ್ರಿ ಅಕ್ಕಾ. ಡಾಕ್ಟರ್ ಹೇಳ್ಯಾರಲ್ಲ." ಆಮೇಲೆ ಜೋರಾಗಿ, "ನಾನ್ರಿ ಅಜ್ಜಿ. ಇವತ್ತ ಲಗೂ ಮುಗೀತು," ಅಂದಳು.

ಸಂಜೆ ಯಜಮಾನರಿಗೆ ಹೇಳಿದೆ. ಅವರೂ "ಅವ್ವ ಸ್ವಲ್ಪ ಸುಧಾರಿಸಿಕೊಳ್ಳಲಿ, ಆಮ್ಯಾಲೆ ಹೇಳೂಣು," ಅಂದರು. ಅದು ತಪ್ಪೆಂದು ನಮಗಾರಿಗೂ ಅನಿಸಲಿಲ್ಲ. ಒಂದು ಜೀವ ಹೇಗೂ ಹೋಗಿತ್ತು, ಇರುವ ಜೀವವನ್ನು ಉಳಿಸಿಕೊಳ್ಳಬೇಕಿತ್ತು. ಹುಡುಗಿಗೂ ಅದೇ ಬೇಕಿತ್ತು. ಹೀಗೆ ಮೂವರೂ ಒಪ್ಪಿಕೊಂಡೆವು. ಯಾರದೂ ಬಲವಂತ ಇರಲಿಲ್ಲ.

ಆದರೆ ಸಂಜೆ ಎಂಬುದೊಂದಿತ್ತಲ್ಲ. ಅತ್ತೆ ದೀಪ ಹಚ್ಚಿ ಕೂತರು. ಹುಡುಗಿ ಬಂದು ಕಂಬಕ್ಕೊರಗಿದಳು.

"ಬಂತೇನವಾ?"

"ಇಲ್ರಿ ಅಜ್ಜಿ."

ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಕೈ ನಿಂತಿತು. ಬರದಿದ್ದರೆ ಅತ್ತೆಗೆ ಅನುಮಾನ ಬರುತ್ತದೆಂದು ಅವಳು ದಿನಾ ಬಂದು ಕೂತಳು. ದಿನಾ ಅದೇ ಪ್ರಶ್ನೆ, ಅದೇ ಉತ್ತರ. ಅತ್ತೆ ಆ ತಾಯಿಯ ಗಟ್ಟಿತನದ ಬಗ್ಗೆ, ಒರಳಿನ ಬಗ್ಗೆ, ಹಣೆಯ ಹಚ್ಚೆಯ ಬಗ್ಗೆ ಮಾತಾಡುವರು. ಅವಳು ಹೂಂಗುಟ್ಟುವಳು. ಊಟ ಮುಗಿಸಿ ಮೇಲೆ ಹೋಗುವಳು. ಮೇಲಿನಿಂದ ಒಂದು ಸದ್ದೂ ಕೇಳುತ್ತಿರಲಿಲ್ಲ. ಒಂದೆರಡು ಸಲ ನಾನು ಮೆಟ್ಟಿಲಿನ ಅರ್ಧದವರೆಗೆ ಹತ್ತಿ ನಿಂತಿದ್ದೇನೆ. ಬಾಗಿಲು ಮುಚ್ಚಿರುತ್ತಿತ್ತು. ಒಬ್ಬಳೇ ಇರಲಿ, ಅವಳಿಗೂ ಅದೇ ಬೇಕಿರಬಹುದು ಎಂದುಕೊಂಡು ಇಳಿದು ಬಂದೆ. ಅವಳಿಗೆ ಏನು ಬೇಕಿತ್ತೆಂದು ನನಗೆ ಇಂದಿಗೂ ಗೊತ್ತಿಲ್ಲ. ಬಸ್ಸಿನಲ್ಲಿ ಕೇಳಬಹುದಿತ್ತು. ಬಸ್ಸಿನಲ್ಲಿ ನಾವು ಅವಳ ಪ್ರಬಂಧದ ಬಗ್ಗೆ, ನನ್ನ ಶಾಲೆಯ ಮಕ್ಕಳ ಉತ್ತರಪತ್ರಿಕೆಗಳ ಬಗ್ಗೆ ಮಾತಾಡಿದೆವು. ಭಾನುವಾರದ ಕಾಫಿ ನಿಂತಿತು. ಬೀಜ ಮುಗಿದಿದೆ ಎಂದು ಅತ್ತೆಗೆ ಹೇಳಿದಳು.

ಬೇಸಿಗೆ ಬಂತು. ಅತ್ತೆ ಚೇತರಿಸಿಕೊಂಡು ಅಂಗಳದಲ್ಲಿ ಓಡಾಡತೊಡಗಿದ್ದರು. ಇನ್ನು ಹೇಳಬಹುದು ಅನಿಸಿದಾಗೆಲ್ಲ, ಇಷ್ಟು ದಿನ ಮುಚ್ಚಿಟ್ಟದ್ದನ್ನು ಹೇಗೆ ಹೇಳುವುದೆಂಬ ಹೊಸ ಅಂಜಿಕೆ. ಹುಡುಗಿಯ ಓದು ಮುಗಿಯಿತು. ಹೊರಡುವ ದಿನ ನಿಶ್ಚಯವಾಯಿತು. ಹೇಗೂ ಹೋಗುತ್ತಾಳೆ, ಹೋದ ಮೇಲೆ ನಿಧಾನವಾಗಿ ಹೇಳಿದರಾಯಿತು ಎಂದು ಯಜಮಾನರು ಅಂದರು. ನಾನೂ ತಲೆಯಾಡಿಸಿದೆ.

ಹೊರಡುವ ಹಿಂದಿನ ದಿನ ಬೆಳಿಗ್ಗೆ ಅತ್ತೆ ತಮ್ಮ ಟ್ರಂಕಿನಿಂದ ಒಂದು ಇಳಕಲ್ಲ ಸೀರೆ ತೆಗೆದರು. ದಾಳಿಂಬೆ ಬಣ್ಣದ್ದು, ಒಮ್ಮೆಯೂ ಉಡದಿದ್ದದ್ದು. ಪಡಸಾಲೆಯಲ್ಲಿ ಹುಡುಗಿಯನ್ನು ಕೂರಿಸಿಕೊಂಡು ಅವಳ ತೊಡೆಯ ಮೇಲಿಟ್ಟರು.

"ಇದು ಬೀಗತಿಗೆ. ಹೆಂಗ ಉಡಬೇಕು ಅಂತ ನೀ ತೋರಸು. ಉಡಿಸಿದ ಮ್ಯಾಲೆ ಫೋನ್‌ನ್ಯಾಗ ನನಗ ತೋರಸಬೇಕು ಮತ್ತ. ಮರೀಬ್ಯಾಡ."

ಹುಡುಗಿ ಸೀರೆಯ ಮೇಲೆ ಕೈಯಿಟ್ಟಳು. ಸೆರಗಿನ ಅಂಚನ್ನು ಒಮ್ಮೆ ಸವರಿದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಅವಳು ನನ್ನ ಕಡೆ ನೋಡಲೇ ಇಲ್ಲ.

"ಅಜ್ಜಿ, ಅವ್ವ ಇಲ್ರಿ."

"ಏನಂದಿ?"

"ನಮ್ಮವ್ವ ಸತ್ತಾಳ್ರಿ. ಭಾಳ ದಿನಾ ಆತು. ನಿಮಗ ಆರಾಮಿದ್ದಿಲ್ಲ, ಅದಕ್ಕ ಹೇಳಲಿಲ್ಲ."

ಅತ್ತೆ ಎದೆ ಹಿಡಿದುಕೊಳ್ಳುತ್ತಾರೆಂದು ನಾನು ಓಡಿದೆ. ಅವರು ಕೈಯಿಂದ ನನ್ನನ್ನು ದೂರ ತಳ್ಳಿದರು. ಹುಡುಗಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. "ನಾ ದಿನಾ ಸಂಜಿಕ ಕೇಳತಿದ್ನಲ್ಲ," ಅಂದರು. "ಬಂತೇನು, ಬಂತೇನು ಅಂತ ಕೇಳತಿದ್ನಲ್ಲ ಮಗಳ." ಆಮೇಲೆ ನನ್ನ ಕಡೆ ತಿರುಗಿದರು. ನಾನು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅವರು ನನ್ನನ್ನು ಆ ರೀತಿ ನೋಡಿದ್ದಿಲ್ಲ.

"ನನಗ ಹೇಳಿದ್ರ ನಾ ಸಾಯತಿದ್ನೇನು? ಅಕಿ ಜೋಡಿ ಕುಂತು ಅಳತಿದ್ದೆ."

ಅವರು ಗೋಡೆ ಹಿಡಿದು ಎದ್ದು ಅಡಿಗೆಮನೆಗೆ ಹೋಗಿ, ಕುದಿಯುತ್ತಿದ್ದ ಬೇಳೆಯ ಕೆಳಗಿನ ಗ್ಯಾಸು ಆರಿಸಿದರು. "ಇವತ್ತ ಈ ಮನ್ಯಾಗ ಒಲಿ ಹೊತ್ತೂದು ಬ್ಯಾಡ. ಓಣಿಯವರಿಗೆ ಹೇಳಿ ಬಾ," ಅಂದರು.

ನಮ್ಮಲ್ಲಿ ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಓಣಿಯವರೇ ಬುತ್ತಿ ತರುತ್ತಾರೆ. ನಾನು ಮನೆಮನೆಗೆ ಹೋಗಿ ಹೇಳಿದೆ. ಕಡಲಾಚೆ ಎಂದೋ ಆದ ಸಾವು, ನೆಂಟರಲ್ಲ, ಕುಲದವರಲ್ಲ. ಏನೆಂದುಕೊಳ್ಳುತ್ತಾರೋ ಎಂಬ ಅಳುಕಿತ್ತು. ಯಾರೂ ಏನೂ ಕೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹೆಂಗಸರು ರೊಟ್ಟಿ, ಝುಣಕ, ಮೊಸರು ಹಿಡಿದುಕೊಂಡು ಬಂದರು. ಅವತ್ತು ಶುಕ್ರವಾರ. ಕಾಫಿಗೆ ಲೋಟ ಹಿಡಿದು ಬರುತ್ತಿದ್ದ ಪಕ್ಕದ ಮನೆಯಾಕೆ ಮೊಸರಿನ ಗಡಿಗೆಯನ್ನು ಸುಮ್ಮನೆ ಆಚೆ ತೆಗೆದಿಟ್ಟರು. ಎಲ್ಲರೂ ಹುಡುಗಿಯ ಸುತ್ತ ಚಾಪೆಯ ಮೇಲೆ ಕೂತರು. ಅತ್ತೆ ಅವಳನ್ನು ತಮ್ಮ ಮಗ್ಗುಲಿಗೆ ಎಳೆದುಕೊಂಡು, ನಮ್ಮ ಹಳೆಯ ಹೆಂಗಸರು ಅಳುವ ಹಾಗೆ, ಹಾಡಿದಂತೆ ದನಿಯೆತ್ತಿ ಅತ್ತರು. ಹಚ್ಚೆಯ ಬೀಗತಿ, ಒರಳಿನ ಬೀಗತಿ, ನನ್ನ ಭೆಟ್ಟಿಯಾಗದೆ ಹೋದ ಬೀಗತಿ ಎಂದು ಅತ್ತರು.

ಹುಡುಗಿ ಮೊದಲು ಬಿಮ್ಮನೆ ಕೂತಿದ್ದಳು. ಆಮೇಲೆ ಅವಳ ಬಾಯಿಂದ ಒಂದು ಕೂಗು ಬಂತು. ಅವಳ ಭಾಷೆಯಲ್ಲಿ. ತಾಯಿಯನ್ನು ಕರೆಯುವ ಪದ ಮಾತ್ರ ನನಗೆ ತಿಳಿಯಿತು. ಉಳಿದದ್ದು ಯಾರಿಗೂ ತಿಳಿಯಲಿಲ್ಲ. ಅವಳು ಎದೆ ಬಡಿದುಕೊಂಡು, ಹಿಂದೆ ಮುಂದೆ ತೂಗಾಡುತ್ತ, ಏನೇನೋ ಹೇಳುತ್ತ ಅತ್ತಳು. ಹೆಂಗಸರು ಅವಳ ಬೆನ್ನು ಸವರುತ್ತ, ಪ್ರತಿ ಮಾತಿಗೂ ಹೂಂ ಅನ್ನುತ್ತ ಕೂತರು. ಅಷ್ಟು ತಿಂಗಳು ಆ ಮೇಲಿನ ಕೋಣೆಯಲ್ಲಿ ಅವಳು ಒಬ್ಬಳೇ ಹಿಡಿದಿಟ್ಟುಕೊಂಡದ್ದು ಎಷ್ಟೆಂದು ನನಗೆ ಅವತ್ತು ತಿಳಿಯಿತು. ತಿಳಿದು ಪ್ರಯೋಜನವಿರಲಿಲ್ಲ. ಮರುದಿನ ಬೆಳಿಗ್ಗೆಯೇ ಅವಳ ರೈಲು.

ರಾಣೇಬೆನ್ನೂರು ಸ್ಟೇಷನ್ನಿಗೆ ಅತ್ತೆಯೂ ಬಂದರು. ಮೆಟ್ಟಿಲು ಹತ್ತಬಾರದೆಂದು ಯಾರೂ ಹೇಳಲಿಲ್ಲ. ಸೀರೆಯನ್ನು ಹುಡುಗಿ ಸೂಟ್‌ಕೇಸಿನಲ್ಲಿಡದೆ ಬೆನ್ನ ಚೀಲದಲ್ಲಿಟ್ಟುಕೊಂಡಿದ್ದಳು. ರೈಲು ಬಂದಾಗ ಅತ್ತೆಯ ಕಾಲಿಗೆ ಬಾಗಿದಳು. ನನ್ನನ್ನು ಅಪ್ಪಿಕೊಂಡು, "ನೀವು ಬ್ಯಾಸರ ಮಾಡ್ಕೋಬ್ಯಾಡ್ರಿ ಅಕ್ಕಾ. ಹೇಳಬ್ಯಾಡ್ರಿ ಅಂದಾಕಿ ನಾನ," ಅಂದಳು. ನಿಜ. ಅಂದವಳು ಅವಳೇ. ಆದರೆ ಅವಳು ಪರದೇಶದಲ್ಲಿ ಓದಲು ಬಂದ ಹುಡುಗಿ. ಇನ್ನೊಬ್ಬರ ಮನೆಯಲ್ಲಿ ತನ್ನಿಂದ ಏನೂ ತೊಂದರೆಯಾಗಬಾರದೆಂದು ದಿನಾ ನೋಡಿಕೊಂಡು ಬದುಕಿದವಳು. ನೀರು, ಊಟ, ಬಸ್ಸಿನ ಜನ, ನಮ್ಮ ಮಾತು, ಎಲ್ಲಕ್ಕೂ ಹೊಂದಿಕೊಂಡ ಹಾಗೆಯೇ ಅದಕ್ಕೂ ಹೊಂದಿಕೊಂಡಿದ್ದಳು. ಅವಳು ಎಷ್ಟು ಚೆನ್ನಾಗಿ ಹೊಂದಿಕೊಂಡಳೆಂದು ನಾವು ಎಲ್ಲರ ಮುಂದೆ ಹೊಗಳುತ್ತಿದ್ದೆವು. ಈಗ ಯಾರಾದರೂ ಹಾಗೆ ಹೊಗಳಿದರೆ ನಾನು ಮಾತು ಬದಲಿಸುತ್ತೇನೆ.

ಆ ವರ್ಷದ ದೀಪಾವಳಿಗೆ ಮುಂಚೆ ಒಂದು ಫೋಟೋ ಬಂತು. ತಾಯಿಯ ವರ್ಷದ ಊಟದ ದಿನ ಅವಳ ಅಕ್ಕ ಆ ಸೀರೆಯನ್ನು ಬಿಳಿಯ ನಿಲುವಂಗಿಯ ಮೇಲೆ ಹೇಗೋ ಸುತ್ತಿಕೊಂಡು ನಿಂತಿದ್ದರು. ನಿರಿಗೆಗಳೆಲ್ಲ ಹಿಂದಕ್ಕೆ ಹೋಗಿದ್ದವು. ಅತ್ತೆ ಫೋಟೋವನ್ನು ದೊಡ್ಡದು ಮಾಡಿಸಿ ನೋಡಿ, "ಉಟ್ಟಾರಲ್ಲ, ಸಾಕು," ಅಂದರು. ಹುಡುಗಿ ಈಗ ಅಲ್ಲಿನ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಫೋನು ಮೊದಲಿನಷ್ಟು ಬರುವುದಿಲ್ಲ. ಅವಳಿಗೆ ಕೆಲಸ, ನಮಗೆ ನಮ್ಮದು. ಅತ್ತೆಗೆ ಕಿವಿ ಮಂದವಾಗಿದೆ. ಅವರು ಫೋನಿನಲ್ಲಿ ಹೆಚ್ಚು ಹೊತ್ತು ಮಾತಾಡಲಾರರು, ನೋಡುತ್ತ ಕೂರುತ್ತಾರೆ. ಮೇಲಿನ ಕೋಣೆಯಲ್ಲಿ ಈಗ ಬ್ಯಾಂಕಿನ ಒಬ್ಬ ಗುಮಾಸ್ತರಿದ್ದಾರೆ.

ಹೋದ ತಿಂಗಳು ಅವಳು ಕರೆ ಮಾಡಿದ್ದಾಗ ನಾನೊಬ್ಬಳೇ ಇದ್ದೆ. ಆ ಮಾತು ಈ ಮಾತು ಮುಗಿದ ಮೇಲೆ, ಕೇಳಬೇಕೆಂದು ಎಷ್ಟೋ ದಿನದಿಂದ ಇದ್ದದ್ದನ್ನು ಕೇಳಿದೆ. "ನಿಮ್ಮ ಕಡೆ, ಅವ್ವ ತೀರಿಕೊಂಡವರಿಗೆ ಏನಂತ ಹೇಳ್ತಾರವಾ?"

ಅವಳು ತನ್ನ ಭಾಷೆಯಲ್ಲಿ ಒಂದು ಮಾತು ಹೇಳಿದಳು. "ದೇವರು ನಿನಗ ಗಟ್ಟಿತನ ಕೊಡ್ಲಿ ಅಂತ ಅರ್ಥ್ರಿ," ಅಂದಳು.

ನಾನು ಅದನ್ನು ಹೇಳಲು ನೋಡಿದೆ. ನಡುವೆ ಒಂದು ಸದ್ದಿದೆ, ಹಲ್ಲಿನ ಹಿಂದೆ ನಾಲಿಗೆಯನ್ನು ಚಿಮ್ಮಿಸಬೇಕು. ಅದು ನನಗೆ ಬರಲಿಲ್ಲ. ಅವಳು ಮತ್ತೊಮ್ಮೆ ನಿಧಾನವಾಗಿ ಹೇಳಿಕೊಟ್ಟಳು. ನಾನು ಮತ್ತೆ ಹೇಳಿದೆ. "ಹತ್ತಿರ ಬಂತ್ರಿ," ಎಂದು ನಕ್ಕಳು. ಅಷ್ಟರಲ್ಲಿ ಅವಳ ತರಗತಿಯ ಹೊತ್ತಾಯಿತು. ಫೋನು ಇಟ್ಟ ಮೇಲೂ ನಾನು ಅಡಿಗೆಮನೆಯಲ್ಲಿ ಅದನ್ನು ಬಾಯಲ್ಲಿ ಹೊರಳಿಸುತ್ತ ಇದ್ದೆ. ಸಂಜೆಯ ಹೊತ್ತಿಗೆ ಅರ್ಧ ಮರೆತುಹೋಗಿತ್ತು.